ಅಳತೆಯ ದಿನ ಧೂಳಿಗೆ ರಜೆ

ಕೆಲಸದ ಜಾಗದ ಗಾಳಿಯಲ್ಲಿ ಕ್ಯಾನ್ಸರ್ ತರುವ ವಸ್ತು ಎಷ್ಟಿದೆ ಎಂದು ಅಳೆಯುವುದು ಮಾಲೀಕರ ಹೊಣೆ. ಅವರು ಅದನ್ನು ಕಡೆಗಣಿಸುತ್ತಾರೆಂಬುದು ಶುದ್ಧ ಅಪಪ್ರಚಾರ. ಮಗಳ ಮದುವೆಗೂ ಇಷ್ಟು ಸಿದ್ಧತೆ ನಡೆದಿರುವುದಿಲ್ಲ. ಅಳೆಯುವವರು ಬರುವ ಹಿಂದಿನ ರಾತ್ರಿ ನೆಲ ತೊಳೆಯುತ್ತಾರೆ. ವರ್ಷವಿಡೀ ತುಕ್ಕು ಹಿಡಿದು ನಿಂತಿದ್ದ ಎಕ್ಸಾಸ್ಟ್ ಫ್ಯಾನಿಗೆ ಎಣ್ಣೆಯ ಭಾಗ್ಯ ಬರುತ್ತದೆ. ಅತಿ ಹೆಚ್ಚು ಧೂಳೆಬ್ಬಿಸುವ ಯಂತ್ರ ಸರಿಯಾಗಿ ಅದೇ ದಿನ ಕೆಟ್ಟು ಕೂರುತ್ತದೆ. ಬೀರುವಿನಲ್ಲಿ ಬಂಧಿಯಾಗಿದ್ದ ಮಾಸ್ಕುಗಳು ಬಿಡುಗಡೆಯಾಗಿ, ಕಾರ್ಮಿಕರು ಒಬ್ಬರನ್ನೊಬ್ಬರು ಗುರುತಿಸಲಾಗದೆ ತಬ್ಬಿಬ್ಬಾಗುತ್ತಾರೆ.

ಅಳೆಯುವ ಸಲಕರಣೆ ಸರಳ. ಸೊಂಟಕ್ಕೊಂದು ಪುಟ್ಟ ಪಂಪು, ಕಾಲರಿಗೊಂದು ಫಿಲ್ಟರ್, ನಡುವೆ ಒಂದು ಕೊಳವೆ. ಫಿಲ್ಟರ್ ಮೂಗು ಬಾಯಿಗಳಿಂದ ಸುಮಾರು 30 ಸೆಂಟಿಮೀಟರ್ ಒಳಗಿರಬೇಕು; ಆ ಮನುಷ್ಯ ಸೇವಿಸುವ ಗಾಳಿಯನ್ನೇ ಅದೂ ಸೇವಿಸಬೇಕು. ಆದರೆ ಯಂತ್ರದ ಬಾಯಿಗೆ ಚೀಲ ಸುರಿಯುವವನಿಗೆ ಇದನ್ನೆಲ್ಲ ಕಟ್ಟಿದರೆ ಉತ್ಪಾದನೆ ಕುಂಠಿತವಾಗುವುದಿಲ್ಲವೇ? ಹಾಜರಿ ಬರೆಯುವ ಗುಮಾಸ್ತರು ಇದ್ದಾರಲ್ಲ, ಅವರಿಗೆ ಕಟ್ಟಿದರಾಯಿತು. ಅವರ ಕೊಠಡಿಗೆ ಗಾಜಿನ ಬಾಗಿಲಿದೆ, ಹವಾನಿಯಂತ್ರಣವಿದೆ. ಅಲ್ಲಿಯ ಗಾಳಿ ನಿರ್ಮಲವಾಗಿದೆ ಎಂದು ವರದಿ ಹೇಳುತ್ತದೆ. ಅದರಲ್ಲಿ ಒಂದಕ್ಷರವೂ ಸುಳ್ಳಿಲ್ಲ.

ಅಕಸ್ಮಾತ್ ಪಂಪು ಸರಿಯಾದ ಸೊಂಟಕ್ಕೇ ಬಿದ್ದರೂ ಕಾಪಾಡಲು ಸರಾಸರಿ ಎಂಬ ದೇವರಿದ್ದಾನೆ. ಗಾಳಿಯಲ್ಲಿ ಯಾವ ವಸ್ತು ಎಷ್ಟಿರಬಹುದು ಎಂಬ ಮಿತಿಗಳಲ್ಲಿ ಹೆಚ್ಚಿನವು ಎಂಟು ಗಂಟೆಗಳ ಸರಾಸರಿಗೆ ಕಟ್ಟಿದವು. ಬೆಳಿಗ್ಗೆ ಅರ್ಧ ಗಂಟೆ ಟ್ಯಾಂಕಿಗಿಳಿದು ಬೆಂಜೀನ್ ಆವಿಯಲ್ಲಿ ಮಿಂದವನನ್ನು ಉಳಿದ ಹೊತ್ತು ಗೇಟಿನ ಬಳಿ ನಿಲ್ಲಿಸಿ, ಕಾಗದದ ಮೇಲೆ ಅವನಷ್ಟು ಸುರಕ್ಷಿತ ಪ್ರಾಣಿ ಇನ್ನೊಂದಿಲ್ಲ. ಕೆಲವು ವಸ್ತುಗಳಿಗೆ ಹದಿನೈದು ನಿಮಿಷಗಳ ಬೇರೆ ಮಿತಿಯೂ ಉಂಟು. ಏನು ಮಾಡುವುದು, ಆ ಪುಟ ಜೆರಾಕ್ಸ್ ಮಾಡುವಾಗ ತಪ್ಪಿಹೋಗಿದೆ.

ಬೆಂಜೀನ್ ರಕ್ತದ ಕ್ಯಾನ್ಸರ್ ತರುತ್ತದೆ. ಅದರ ಸಂಪೂರ್ಣ ಸುರಕ್ಷಿತ ಪ್ರಮಾಣವೆಂದರೆ ಸೊನ್ನೆ ಮಾತ್ರ ಎಂದು 1948ರಷ್ಟು ಹಿಂದೆಯೇ ಬರೆದವರು ಯಾವ ಕಾರ್ಮಿಕ ನಾಯಕರೂ ಅಲ್ಲ. ಅಮೆರಿಕನ್ ಪೆಟ್ರೋಲಿಯಂ ಇನ್‌ಸ್ಟಿಟ್ಯೂಟ್, ಅಂದರೆ ಸಾಕ್ಷಾತ್ ತೈಲೋದ್ಯಮದ ಸಂಘ. ಮೂವತ್ತು ವರ್ಷ ಕಳೆದು, 1978ರಲ್ಲಿ, ಅಲ್ಲಿನ ಸರ್ಕಾರ ಮಿತಿಯನ್ನು ಗಾಳಿಯ ದಶಲಕ್ಷ ಭಾಗಕ್ಕೆ 10 ಭಾಗದಿಂದ 1 ಭಾಗಕ್ಕೆ ಇಳಿಸಿತು. ಅದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದವರಲ್ಲಿ ಅದೇ ಸಂಘವೂ ಇತ್ತು! ಅಪಾಯ ಗಣನೀಯವೆಂದು ಮೊದಲು ತೋರಿಸಿ ಎಂದು 1980ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ನಿಯಮವನ್ನು ರದ್ದುಮಾಡಿತು. ಒಂದು ಭಾಗದ ಮಿತಿ ಕಡೆಗೂ ಬಂದದ್ದು 1987ರಲ್ಲಿ. ಸೊನ್ನೆ ಎಂದು ಬರೆದ ಕೈಯೇ ಹತ್ತಕ್ಕಾಗಿ ವಕಾಲತ್ತು ಹಾಕಿದ ಈ ಲೆಕ್ಕವನ್ನು ವಾಣಿಜ್ಯ ಕಾಲೇಜುಗಳಲ್ಲಿ ಯಾಕೆ ಕಲಿಸುವುದಿಲ್ಲವೋ ತಿಳಿಯದು.

ಮಾಲೀಕರಿಗೆ ನಿಜವಾದ ಆಪ್ತಮಿತ್ರ ಎಂದರೆ ಕಾಲ. ಕಲ್ನಾರಿನ, ಅಂದರೆ ಆಸ್ಬೆಸ್ಟಾಸಿನ, ಎಳೆ ಎದೆಗೂಡು ಹೊಕ್ಕು ಕ್ಯಾನ್ಸರ್ ಆಗಿ ತಲೆಯೆತ್ತಲು ಸಾಮಾನ್ಯವಾಗಿ 20ರಿಂದ 50 ವರ್ಷ ಹಿಡಿಯುತ್ತದೆ. ಅಷ್ಟರಲ್ಲಿ ಕಂಪನಿಯ ಹೆಸರು ಬದಲಾಗಿರುತ್ತದೆ, ಷೆಡ್ಡಿನ ಜಾಗದಲ್ಲಿ ವಸತಿ ಸಮುಚ್ಚಯ ಎದ್ದಿರುತ್ತದೆ. ಇದನ್ನು ಊಹಿಸಿಯೇ ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1974ರ ಒಡಂಬಡಿಕೆಯಲ್ಲಿ ದಾಖಲೆ ಇಡಿ, ಕೆಲಸದಲ್ಲಿದ್ದಾಗ ಮಾತ್ರವಲ್ಲ, ಬಿಟ್ಟ ಮೇಲೂ ವೈದ್ಯಕೀಯ ತಪಾಸಣೆಗೆ ವ್ಯವಸ್ಥೆ ಮಾಡಿ ಎಂದಿತು. ಯುರೋಪಿನ ಒಕ್ಕೂಟವಂತೂ ಅಂಥ ವಸ್ತುವಿಗೆ ಮೈಯೊಡ್ಡಿದ ಕೊನೆಯ ದಿನದಿಂದ 40 ವರ್ಷ ಕಡತ ಕಾಯಬೇಕು ಎನ್ನುತ್ತದೆ. ಇವರು ಯಾರೂ ಗೆದ್ದಲನ್ನು ಕಂಡಂತಿಲ್ಲ. ಎಷ್ಟು ಗಟ್ಟಿ ಬೀರುವಿಟ್ಟರೂ ಅದು ಬೋನಸ್ ಕಡತವನ್ನೂ ಆಸ್ತಿಪತ್ರವನ್ನೂ ಬಿಟ್ಟು ನೇರವಾಗಿ ಕಲ್ನಾರಿನ ಕಡತಕ್ಕೇ ಬಾಯಿ ಹಾಕುತ್ತದೆ.

ತಪಾಸಣೆ ನಡೆಯುವುದೇ ಇಲ್ಲ ಎನ್ನಬೇಡಿ. ತೂಕ ನೋಡುತ್ತಾರೆ, ರಕ್ತದೊತ್ತಡ ನೋಡುತ್ತಾರೆ, ಆಮೇಲೆ ‘ಸಿಗರೇಟು ಸೇದುತ್ತೀಯಾ?’ ಎಂದು ಕೇಳುತ್ತಾರೆ. ಹೌದು ಎಂದರೆ ಮುಗಿಯಿತು, ಮುಂದಿನ ಐವತ್ತು ವರ್ಷಗಳ ಕಾಯಿಲೆಗೆಲ್ಲ ಕಾರಣ ಇವತ್ತೇ ಸಿಕ್ಕಿತು. ಕಲ್ನಾರು, ಹೊಗೆ ಎರಡೂ ಕೂಡಿದರೆ ಶ್ವಾಸಕೋಶದ ಕ್ಯಾನ್ಸರಿನ ಅಪಾಯ ಹಲವು ಪಟ್ಟು ಏರುತ್ತದೆ, ಹಾಗಾಗಿ ಸೇದುವವನನ್ನೇ ಮೊದಲು ಕಾಪಾಡಬೇಕು ಎನ್ನುವ ವೈದ್ಯರಿಗೆ ಮರುವರ್ಷ ಕರೆ ಹೋಗುವುದಿಲ್ಲ.

ಅಳತೆ, ಮಾಸ್ಕು ಇವೆಲ್ಲ ಆಮೇಲಿನವು. ಅಪಾಯದ ವಸ್ತುವನ್ನು ತೆಗೆದು ನಿರಪಾಯದ ಅಥವಾ ಕಡಿಮೆ ಅಪಾಯದ ಬದಲಿ ತರಲು ಎಲ್ಲ ಪ್ರಯತ್ನ ಮಾಡಿ ಎಂದು ಅದೇ 1974ರ ಒಡಂಬಡಿಕೆ ಹೇಳುತ್ತದೆ. ಇದನ್ನು ನಮ್ಮವರು ಅಕ್ಷರಶಃ ಪಾಲಿಸುತ್ತಾರೆ, ವಸ್ತುವಿನ ವಿಷಯದಲ್ಲಿ ಅಲ್ಲದಿದ್ದರೂ. ಅತಿ ಧೂಳಿನ ಕೆಲಸವೆಲ್ಲ ಗುತ್ತಿಗೆಯವರದು. ಅವರ ಹೆಸರು ಕಂಪನಿಯ ಪಟ್ಟಿಯಲ್ಲಿಲ್ಲ, ಆದ್ದರಿಂದ ಪಂಪೂ ಇಲ್ಲ, ಕಡತವೂ ಇಲ್ಲ. ಆರು ತಿಂಗಳಿಗೊಮ್ಮೆ ಹಳೆಯ ಹುಡುಗರು ಹೋಗಿ ಹೊಸ ಶ್ವಾಸಕೋಶಗಳು ಬರುತ್ತವೆ. ಗುತ್ತಿಗೆದಾರನ ಬಿಲ್ಲಿನಲ್ಲಿ ಇವನ್ನು ಕೂಲಿ ಎಂದು ತೋರಿಸಬೇಕೋ ಬಿಡಿಭಾಗ ಎಂದೋ ಎಂಬ ಸಣ್ಣ ಗೊಂದಲವೊಂದು ಲೆಕ್ಕಪರಿಶೋಧಕರ ಮುಂದೆ ಬಾಕಿ ಇದೆ.