ಕರೆಂಟ್ ಹೊಡೆದರೆ ಮಿದುಳಲ್ಲಿ ರಕ್ತ: ಧಾರಾವಾಹಿಗೆ ವೈದ್ಯಕೀಯ ಸತ್ಯ ಬೇಕೇ?

ಪರ

ಧಾರಾವಾಹಿಯಲ್ಲಿ ಒಬ್ಬರಿಗೆ ಕರೆಂಟ್ ಹೊಡೆಯುತ್ತದೆ. ಕಿಡಿ ಹಾರುತ್ತದೆ, ಮೈ ನಡುಗುತ್ತದೆ. ಮುಂದಿನ ದೃಶ್ಯದಲ್ಲಿ ಡಾಕ್ಟರ್ ಕನ್ನಡಕ ತೆಗೆದು, "ಮಿದುಳಲ್ಲಿ ರಕ್ತಸ್ರಾವ" ಅನ್ನುತ್ತಾರೆ. ಕರೆಂಟೇ ನೆತ್ತಿಗೇರಿ ರಕ್ತನಾಳ ಒಡೆಯಿತು ಅಂತ ನೋಡುವವರು ನಂಬುತ್ತಾರೆ. ಹಾಗಾಗುವುದು ಅಪರೂಪ. ಕರೆಂಟ್‌ನಿಂದ ಮೊದಲು ಭಯ ಇರುವುದು ಹೃದಯಕ್ಕೆ, ಅದರ ಬಡಿತ ತಾಳ ತಪ್ಪುತ್ತದೆ. ತಲೆಯೊಳಗೆ ರಕ್ತ ಕಂಡರೆ ಸಾಮಾನ್ಯವಾಗಿ ಬಿದ್ದು ತಲೆ ಬಡಿದಿರುತ್ತದೆ.

ಇದು ನನಗೆ ಗೊತ್ತಾಗಿದ್ದು ಅಣ್ಣನಿಂದ. ಏಣಿ ಮೇಲೆ ನಿಂತು ಫ್ಯಾನಿನ ವೈರ್ ಮುಟ್ಟಿದ, ಧೊಪ್ಪನೆ ಬಿದ್ದ. ಎದ್ದು ಕೂತು, "ಏನಿಲ್ಲ ಕಣೋ" ಅಂದ. ನಾವೆಲ್ಲ ಅವನ ಬೆರಳ ತುದಿಯ ಸುಟ್ಟ ಗಾಯವನ್ನೇ ನೋಡುತ್ತಾ ಕೂತೆವು. ಅಂಗಿ ಗುಂಡಿಯಷ್ಟೂ ಇರಲಿಲ್ಲ ಅದು. ಕಿವಿಯ ಮೇಲೆ ಊದಿದ್ದನ್ನು ಯಾರೂ ಮುಟ್ಟಿ ನೋಡಲಿಲ್ಲ. ಎರಡು ಗಂಟೆ ಚೆನ್ನಾಗಿಯೇ ಮಾತಾಡಿದ. ಆಮೇಲೆ ವಾಂತಿ, ತೂಕಡಿಕೆ. ಸುಸ್ತಾಗಿದೆ, ಮಲಗಲಿ ಅಂದರು ಅಮ್ಮ. ಅತ್ತಿಗೆ ಒಪ್ಪಲಿಲ್ಲ, ಆಸ್ಪತ್ರೆಗೆ ಎಳೆದುಕೊಂಡೇ ಹೋದರು. ಸ್ಕ್ಯಾನ್‌ನಲ್ಲಿ ತಲೆಬುರುಡೆಗೆ ಅಂಟಿಕೊಂಡು ಬೆಳ್ಳಗೊಂದು ಉಬ್ಬು, ಭೂತಗನ್ನಡಿಯ ಗಾಜಿನ ಆಕಾರ. ಬುರುಡೆ ಕೊರೆದು ಆ ರಕ್ತ ತೆಗೆದರು.

ಚೆನ್ನಾಗಿದ್ದ ಆ ಎರಡು ಗಂಟೆಯೇ ಮೋಸ. ನಾನು ನೋಡಿದ ಯಾವ ಧಾರಾವಾಹಿಯೂ ಅದನ್ನು ತೋರಿಸಿಲ್ಲ. ಸತ್ಯ ತೋರಿಸಿದರೆ ಕಥೆ ಸಪ್ಪೆ ಆಗುತ್ತೆ ಅನ್ನುವವರು ಅವತ್ತು ಅತ್ತಿಗೆಯ ಮುಖ ನೋಡಬೇಕಿತ್ತು.

ವಿರೋಧ

ಸಂಪಾದಕರು ನನಗೆ ಈ ಕಡೆ ಕೊಟ್ಟಿದ್ದಾರೆ, ಇರಲಿ. ಧಾರಾವಾಹಿ ಅಂದರೆ ಮೆಡಿಕಲ್ ಕಾಲೇಜಿನ ಕ್ಲಾಸ್ ಅಲ್ಲ, ಅಲ್ವಾ? ಪಾತ್ರಗಳೆಲ್ಲ ಸ್ಕ್ಯಾನ್ ಫಿಲ್ಮ್ ಹಿಡಿದು ಪಾಠ ಶುರು ಮಾಡಿದರೆ ಯಾರು ನೋಡುತ್ತಾರೆ?

1996ರಲ್ಲಿ ಪ್ರಕಟವಾದ ಅಧ್ಯಯನವೊಂದಕ್ಕಾಗಿ ಅಮೆರಿಕದ ವೈದ್ಯರು ಟಿವಿಯಲ್ಲಿ ಎದೆ ಒತ್ತಿ ಉಳಿಸುವ 60 ಸಂದರ್ಭಗಳನ್ನು ಎಣಿಸಿದರು. ಶೇ 75ರಷ್ಟು ಮಂದಿ ಆ ಕ್ಷಣಕ್ಕೆ ಬದುಕಿದ್ದರು. ನಿಜ ಜೀವನಕ್ಕಿಂತ ಇದು ತುಂಬಾ ಜಾಸ್ತಿ. ಸುಳ್ಳೇ, ಒಪ್ಪುತ್ತೇನೆ. ಆದರೂ ಎದೆ ಒತ್ತಬೇಕು ಅನ್ನುವುದನ್ನು ಎಷ್ಟೋ ಜನ ಮೊದಲು ನೋಡಿದ್ದು ಟಿವಿಯಲ್ಲೇ ಇರಬೇಕು.

ಮಾನಿಟರ್‌ನಲ್ಲಿ ಗೆರೆ ನೇರ ಆದಾಗ ಶಾಕ್ ಕೊಡುವುದು ಮಾತ್ರ ನನಗೂ ಕಿರಿಕಿರಿ. ಪೂರ್ತಿ ನಿಂತ ಹೃದಯ ಅದರಿಂದ ಏಳುವುದಿಲ್ಲ. ಅದೊಂದನ್ನು ಬಿಡಲಿ. ಮಿಕ್ಕಂತೆ, ನಾಯಕಿಯ ಬೆರಳು ಅಲ್ಲಾಡುವುದನ್ನು ಕಾಯುತ್ತಾ ಮೂರು ಸಂಜೆ ಟಿವಿ ಮುಂದೆ ಕೂತವಳು ನಾನು. ಅವಳ ತಲೆಯಲ್ಲಿ ರಕ್ತ ಯಾಕೆ ಬಂತು ಅಂತ ಸುಮ್ನೆ ಕೂಡ ಕೇಳಿಕೊಳ್ಳಲಿಲ್ಲ.