ಲಿವರ್ ರಕ್ತನಾಳ ಬೇರೆ ಕಡೆಯಿಂದ ಬಂದರೆ ರೋಗವಲ್ಲ: ಸ್ಪಷ್ಟನೆ

ಸ್ಕ್ಯಾನ್ ರಿಪೋರ್ಟಿನಲ್ಲಿ ‘ರಿಪ್ಲೇಸ್ಡ್ ಹೆಪಾಟಿಕ್ ಆರ್ಟರಿ’ (ಲಿವರಿಗೆ ರಕ್ತ ಒಯ್ಯುವ ನಾಳ ಬೇರೆ ಕಡೆಯಿಂದ ಬಂದಿದೆ) ಎಂದಿದ್ದರೆ ಲಿವರ್ ಕೆಟ್ಟಿದೆ, ಕೂಡಲೇ ಆಪರೇಷನ್ ಆಗಬೇಕು ಎಂಬ ಸಂದೇಶ ಕೊಪ್ಪಳ, ಗಂಗಾವತಿ ಕಡೆ ಓಡಾಡುತ್ತಿದೆ. ಇದು ತಪ್ಪು. ಸುಮ್ನೆ ಹೆದರಬೇಡಿ.

ಇದು ಹುಟ್ಟಿನಿಂದಲೇ ಬಂದ ವ್ಯತ್ಯಾಸ. ಸಾಮಾನ್ಯವಾಗಿ ಲಿವರಿನ ಅಪಧಮನಿ ಹೊಟ್ಟೆಯ ಸೀಲಿಯಾಕ್ ಎಂಬ ನಾಳದಿಂದ ಕವಲೊಡೆಯುತ್ತದೆ. ಕೆಲವರಲ್ಲಿ ಬಲಗಡೆಯ ಕವಲು ಕರುಳಿಗೆ ಹೋಗುವ ದೊಡ್ಡ ನಾಳದಿಂದ, ಇನ್ನು ಕೆಲವರಲ್ಲಿ ಎಡಗಡೆಯದು ಜಠರದ ನಾಳದಿಂದ ಬರುತ್ತದೆ. ತುಂಗಭದ್ರಾ ಕಾಲುವೆಯ ಯಾವ ತೂಬಿನಿಂದ ಬಂದರೂ ಗದ್ದೆಗೆ ನೀರು ನೀರೇ ಅಲ್ವಾ? 1966ರಲ್ಲೇ ಮೈಕೆಲ್ಸ್ ಎಂಬ ತಜ್ಞರು 200 ದೇಹಗಳನ್ನು ನೋಡಿ ಸಾಮಾನ್ಯ ರೀತಿಯೂ ಸೇರಿ ಈ ನಾಳದ 10 ಬಗೆಗಳನ್ನು ಗುರುತಿಸಿದ್ದರು.

ಲಿವರ್, ಪಿತ್ತಕೋಶ, ಜಠರ ಅಥವಾ ಮೇದೋಜೀರಕದ ಆಪರೇಷನ್ ಇದ್ದರೆ ಆ ರಿಪೋರ್ಟನ್ನು ಸರ್ಜನ್‌ಗೆ ತಪ್ಪದೇ ತೋರಿಸಿ. ಗೊತ್ತಿಲ್ಲದೆ ಆ ನಾಳ ಕತ್ತರಿಸಿದರೆ ತೊಂದರೆಯಾಗಬಹುದು.