ಭಾಗಲಬ್ಧದಲ್ಲಿ ಬಿಟ್ಟುಹೋದ ಸೊನ್ನೆ

ಐದನೆಯ ತರಗತಿಯಲ್ಲಿ ಓದುತ್ತಿರುವ ನನ್ನ ತಂಗಿಯ ಮಗಳು ಕಳೆದ ವಾರ ಲೆಕ್ಕದ ಪುಸ್ತಕ ತಂದು ಮುಂದಿಟ್ಟಳು. 7,325ನ್ನು 24ರಿಂದ ಭಾಗಿಸಬೇಕಿತ್ತು. ಭಾಗಲಬ್ಧ 35, ಶೇಷ 5 ಎಂದು ಬರೆದಿದ್ದಳು. ಅದರ ಮೇಲೊಂದು ಕೆಂಪು ಗೀಟು, ಪಕ್ಕದಲ್ಲಿ ‘ಗಮನವಿಟ್ಟು ಮಾಡು’ ಎಂಬ ಷರಾ. ಮಗ್ಗಿ ತಪ್ಪಿರಲಿಲ್ಲ, ಕಳೆಯುವುದು ತಪ್ಪಿರಲಿಲ್ಲ, ಶೇಷವೂ ಸರಿಯಾಗಿಯೇ ಬಂದಿತ್ತು. ಉತ್ತರ 305 ಆಗಬೇಕಿತ್ತು, ಅಷ್ಟೆ.

ಇದನ್ನು ಗಮನದ ಕೊರತೆ ಎನ್ನಲು ನಾನು ಒಪ್ಪುವುದಿಲ್ಲ. ಲೆಕ್ಕದ ಆರಂಭದಲ್ಲಿ 7ರಲ್ಲಿ 24 ಹೋಗದಿದ್ದಾಗ, ಮೇಲೆ ಏನನ್ನೂ ಬರೆಯದೆ 73ನ್ನು ತೆಗೆದುಕೊಳ್ಳಲು ನಾವೇ ಕಲಿಸುತ್ತೇವೆ. ಮೂರು ಸಲ ಹೋಗಿ, 72 ಕಳೆದು, ಉಳಿದ 1ರ ಪಕ್ಕಕ್ಕೆ 2ನ್ನು ಇಳಿಸಿಕೊಂಡಾಗ ಬಂದ 12ರಲ್ಲಿಯೂ 24 ಹೋಗಲಿಲ್ಲ. ಮಗು ಮೊದಲು ಮಾಡಿದಂತೆಯೇ ಮೇಲೆ ಏನನ್ನೂ ಬರೆಯದೆ 5ನ್ನೂ ಇಳಿಸಿಕೊಂಡು 125 ಮಾಡಿಕೊಂಡಿತು. ಕಲಿಸಿದ ನಿಯಮವನ್ನೇ ಅದು ನಿಷ್ಠೆಯಿಂದ ಪಾಲಿಸಿದೆ. ಮೊದಲ ಸೊನ್ನೆಗೆ ಎಡಗಡೆ ಯಾವ ಅಂಕಿಯೂ ಇಲ್ಲದ್ದರಿಂದ ಅದನ್ನು ಬಿಡಬಹುದು, ನಡುವಿನ ಸೊನ್ನೆಯನ್ನು ಬಿಟ್ಟರೆ ಅದರ ಎಡಗಡೆಯ 3 ನೂರರ ಸ್ಥಾನದಿಂದ ಹತ್ತರ ಸ್ಥಾನಕ್ಕೆ ಜಾರುತ್ತದೆ ಎಂಬುದನ್ನು ಯಾರೂ ಹೇಳಿರಲಿಲ್ಲ.

ಅವಳಿಗೆ ನಾನು ದುಡ್ಡಿನಲ್ಲಿ ಹೇಳಿದೆ. ಸ್ವಸಹಾಯ ಸಂಘದ 24 ಮಂದಿ 7,325 ರೂಪಾಯಿ ಹಂಚಿಕೊಳ್ಳಬೇಕು; ಕೈಯಲ್ಲಿ ನೂರರ ನೋಟು 73, ಹತ್ತರ ನೋಟು 2, ಒಂದು ರೂಪಾಯಿ ನಾಣ್ಯ 5 ಇವೆ. ತಲೆಗೆ ಮೂರು ನೂರರಂತೆ ಕೊಟ್ಟರೆ ನೂರರ ನೋಟು ಒಂದು ಉಳಿಯುತ್ತದೆ. ಅದನ್ನು ಹತ್ತರ ನೋಟುಗಳಿಗೆ ಮುರಿಸಿದರೆ ಒಟ್ಟು 12 ನೋಟು, 24 ಮಂದಿಗೆ ಸಾಲದು; ಯಾರಿಗೂ ಹತ್ತರ ನೋಟು ಸಿಗಲಿಲ್ಲ ಎಂಬುದೇ ಆ ಸೊನ್ನೆ. ಅವನ್ನೂ ಚಿಲ್ಲರೆ ಮಾಡಿಸಿದರೆ 125 ನಾಣ್ಯ, ತಲೆಗೆ ಐದು, ಕೊನೆಗೆ ಉಳಿಯುವುದು ಐದು. ಕೂಡುವುದು, ಕಳೆಯುವುದು, ಗುಣಿಸುವುದು ಎಲ್ಲವನ್ನೂ ಬಲದಿಂದ ಆರಂಭಿಸುವ ನಾವು ಭಾಗಾಕಾರವನ್ನು ಮಾತ್ರ ಎಡದಿಂದ ಆರಂಭಿಸುವುದೂ ಇದಕ್ಕಾಗಿಯೇ: ದೊಡ್ಡ ನೋಟು ಹಂಚಿ ಉಳಿದದ್ದನ್ನಲ್ಲವೇ ಚಿಲ್ಲರೆ ಮಾಡಿಸುವುದು?

ತಾಳೆ ನೋಡುವ ಅಭ್ಯಾಸವಿದ್ದಿದ್ದರೆ ಅವಳೇ ತಪ್ಪನ್ನು ಹಿಡಿಯುತ್ತಿದ್ದಳು. 24ನ್ನು 35ರಿಂದ ಗುಣಿಸಿ 5 ಕೂಡಿದರೆ 845. ಏಳು ಸಾವಿರ ಎಲ್ಲಿ, ಇದೆಲ್ಲಿ! ಭಾಗಿಸುವ ಮೊದಲೇ ಉತ್ತರ ಮುನ್ನೂರರ ಆಸುಪಾಸಿನಲ್ಲಿರಬೇಕೆಂದು ಅಂದಾಜು ಮಾಡಿಸುವುದು ಭಾಗಿಸು, ಗುಣಿಸು, ಕಳೆ, ಇಳಿಸು ಎಂಬ ನಾಲ್ಕು ಹೆಜ್ಜೆಗಳನ್ನು ಬಾಯಿಪಾಠ ಮಾಡಿಸುವುದಕ್ಕಿಂತ ಮುಖ್ಯವೆಂದು ನನಗೆ ಅನಿಸುತ್ತದೆ.

ಶೇಷದ ವಿಷಯದಲ್ಲಿ ದೊಡ್ಡವರೂ ಎಡವುತ್ತಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಒಂಬತ್ತನೆಯ ಶತಮಾನದಲ್ಲಿ, ‘ಗಣಿತಸಾರಸಂಗ್ರಹ’ವನ್ನು ರಚಿಸಿದ ಮಹಾವೀರಾಚಾರ್ಯರು ಭಾಜ್ಯ ಮತ್ತು ಭಾಜಕಗಳಲ್ಲಿರುವ ಸಮಾನ ಅಪವರ್ತನವನ್ನು ತೆಗೆದು ಭಾಗಿಸುವ ಕ್ರಮವನ್ನು ಹೇಳಿದ್ದಾರೆ. ಕೆಲಸ ಹಗುರಾಗುವುದು ನಿಜ, ಆದರೆ ಶೇಷ ಬೇಕಿದ್ದಾಗ ಎಚ್ಚರ ಬೇಕು. 7,326ನ್ನು 24ರಿಂದ ಭಾಗಿಸುವ ಬದಲು ಎರಡನ್ನೂ ಅರ್ಧ ಮಾಡಿ 3,663ನ್ನು 12ರಿಂದ ಭಾಗಿಸಿದರೆ ಭಾಗಲಬ್ಧ ಅದೇ 305, ಶೇಷ ಮಾತ್ರ 3. ನಿಜವಾದ ಶೇಷ 6. ತೆಗೆದುಹಾಕಿದ ಎರಡರಿಂದ ಶೇಷವನ್ನು ಮತ್ತೆ ಗುಣಿಸಿಕೊಳ್ಳದಿದ್ದರೆ ಸಂಘದ ಪೆಟ್ಟಿಗೆಯಲ್ಲಿ ಮೂರು ರೂಪಾಯಿ ಕಡಿಮೆ ಬೀಳುತ್ತದೆ.